ದುಡ್ಡು ಕೊಟ್ಟು ಬಂದವರಿಗೂ ಅಂಗಡಿಯ ಗೇಟು ಕೂಗುವುದೇಕೆ?

ಪ್ರಶ್ನೆ: ಕಳೆದ ತಿಂಗಳು ಮೈಸೂರಿನ ಒಂದು ಅಂಗಡಿಯಲ್ಲಿ ಹೊಸ ಶೂ ಕೊಂಡೆ. ಅಲ್ಲಿಂದ ಹೊರಗೆ ಬರುವಾಗ ಏನೂ ಆಗಲಿಲ್ಲ. ಆದರೆ ಅದೇ ಶೂ ಹಾಕಿಕೊಂಡು ಬೇರೆ ಎರಡು ಅಂಗಡಿಗಳಿಗೆ ಹೋದಾಗ ಬಾಗಿಲಲ್ಲಿ ನಿಲ್ಲಿಸಿರುವ ಗೇಟು ಬೀಪ್ ಬೀಪ್ ಎಂದು ಕೂಗಿತು. ಒಂದು ಕಡೆಯಂತೂ ಸೆಕ್ಯುರಿಟಿಯವರು ಎಲ್ಲರೆದುರು ನನ್ನ ಬ್ಯಾಗನ್ನು ಬರಿದು ಮಾಡಿಸಿ ನೋಡಿದರು, ಏನೂ ಸಿಗಲಿಲ್ಲ. ಈ ಯಂತ್ರಗಳು ಹೀಗೇಕೆ ತಪ್ಪುತ್ತವೆ? ಹಾಗೆ ಹುಡುಕುವ ಅಧಿಕಾರ ಅಂಗಡಿಯವರಿಗೆ ಇದೆಯೇ? ನಮ್ಮ ತಂದೆಯವರಿಗೆ ಪೇಸ್‌ಮೇಕರ್ ಅಳವಡಿಸಿದ್ದಾರೆ. ಅವರು ಇಂತಹ ಗೇಟುಗಳ ನಡುವೆ ಹೋಗಬಹುದೇ?

ಉತ್ತರ: ನಿಮ್ಮ ವಿಷಯದಲ್ಲಿ ಯಂತ್ರ ತಪ್ಪಿಲ್ಲ ಎಂದೇ ನನಗೆ ತೋರುತ್ತದೆ. ಅಂಗಡಿಯ ಬಾಗಿಲಲ್ಲಿ ಎದುರುಬದುರಾಗಿ ನಿಂತಿರುವ ಆ ಎರಡು ಕಂಬಗಳಿಗೆ ತಿಳಿಯುವುದು ಒಂದೇ ಒಂದು ಸಂಗತಿ: ತಮ್ಮ ನಡುವೆ ಜೀವಂತ ಟ್ಯಾಗ್ (ಕಳವು ತಡೆಯಲು ಸರಕಿಗೆ ಸೇರಿಸಿದ, ಇನ್ನೂ ನಿಷ್ಕ್ರಿಯಗೊಳಿಸದ ಪಟ್ಟಿ) ಒಂದು ಇದೆಯೇ, ಇಲ್ಲವೇ. ಆ ಟ್ಯಾಗ್ ಯಾವ ಅಂಗಡಿಯದು, ಸರಕಿಗೆ ಬಿಲ್ ಆಗಿದೆಯೇ, ಹಿಡಿದುಕೊಂಡವರು ಒಳಗೆ ಬರುತ್ತಿದ್ದಾರೆಯೇ ಹೊರಗೆ ಹೋಗುತ್ತಿದ್ದಾರೆಯೇ ಎಂಬ ಯಾವುದನ್ನೂ ಸಾಮಾನ್ಯವಾಗಿ ಬಳಕೆಯಲ್ಲಿರುವ ಗೇಟುಗಳು ಅರಿಯವು. 'ಟ್ಯಾಗ್ ಇದೆ' ಎಂಬ ಸೂಚನೆಯನ್ನು 'ಕಳವಾಗಿದೆ' ಎಂದು ಓದಿಕೊಂಡವರು ಅಂಗಡಿಯವರು. ನಿಮ್ಮ ಶೂವಿನೊಳಗೆ ಇನ್ನೂ ಜೀವಂತವಾಗಿರುವ ಟ್ಯಾಗ್ ಒಂದು ಅಡಗಿರುವ ಸಾಧ್ಯತೆಯೇ ಹೆಚ್ಚು. ಅದು ಅಲ್ಲಿಗೆ ಹೇಗೆ ಬಂತು, ಕೊಂಡ ಅಂಗಡಿಯಲ್ಲಿ ಏಕೆ ಸುಮ್ಮನಿತ್ತು ಎಂಬುದು ಅರ್ಥವಾಗಬೇಕಾದರೆ ಟ್ಯಾಗ್‌ನ ಒಳಗನ್ನು ಸ್ವಲ್ಪ ನೋಡಬೇಕು.

ಈ ವ್ಯವಸ್ಥೆ ಹುಟ್ಟಿದ್ದು 1960ರ ದಶಕದ ಅಮೆರಿಕದಲ್ಲಿ. ಆರ್ಥರ್ ಮಿನಾಸಿ ಸ್ಥಾಪಿಸಿದ ನೋಗೋ ಮತ್ತು ಒಹಾಯೋ ರಾಜ್ಯದ ಆಕ್ರನ್ ಊರಿನಲ್ಲಿ ದಿನಸಿ ಅಂಗಡಿಯ ಮ್ಯಾನೇಜರ್ ಆಗಿದ್ದ ರಾನ್ ಅಸಾಫ್ ಸ್ಥಾಪಿಸಿದ ಸೆನ್ಸರ್‌ಮ್ಯಾಟಿಕ್ ಆ ಕಾಲದ ಕಂಪನಿಗಳು. ಅಂದಿನಿಂದ ಹಲವು ತಂತ್ರಗಳು ಬಂದು ಹೋಗಿವೆ. ನಮ್ಮ ಮಾಲ್‌ಗಳಲ್ಲಿಯೂ ದೊಡ್ಡ ಮಳಿಗೆಗಳಲ್ಲಿಯೂ ಇಂದು ಮುಖ್ಯವಾಗಿ ಕಾಣಸಿಗುವವು ಎರಡು.

ಮೊದಲನೆಯದನ್ನು ಈ ಕ್ಷೇತ್ರದವರು ಎಎಂ (ಅಕೌಸ್ಟೋ ಮ್ಯಾಗ್ನೆಟಿಕ್) ಎನ್ನುತ್ತಾರೆ. ಇದರ ಟ್ಯಾಗ್ ಸುಮಾರು ನಾಲ್ಕೂವರೆ ಸೆಂಟಿಮೀಟರ್ ಉದ್ದ, ಒಂದು ಸೆಂಟಿಮೀಟರ್ ಅಗಲದ, ಸ್ವಲ್ಪ ಉಬ್ಬಿದ ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ಎಷ್ಟೋ ಬಾರಿ ಕಪ್ಪು ಗೆರೆಗಳ ಬಾರ್‌ಕೋಡ್ ಅಚ್ಚಾಗಿರುತ್ತದೆ. ಅದು ಬರಿಯ ವೇಷ, ಯಾವ ಬೆಲೆಯನ್ನೂ ಅದು ಹೇಳುವುದಿಲ್ಲ. ಕತ್ತರಿಯಿಂದ ಅಂಚನ್ನು ಸೀಳಿ ತೆರೆದರೆ ಒಳಗೆ ಎಲ್ಲಿಯೂ ಅಂಟಿಕೊಳ್ಳದೆ ಸಡಿಲವಾಗಿ ಮಲಗಿರುವ, ಕೂದಲಿಗಿಂತ ತೆಳುವಾದ ಹೊಳೆಯುವ ಲೋಹದ ಎಲೆ ಸಿಗುತ್ತದೆ. ಅದರ ಪಕ್ಕದಲ್ಲಿ ಇನ್ನೊಂದು ಪದರದಲ್ಲಿ ಮಂಕಾದ ಕಾಂತೀಯ ಪಟ್ಟಿಯೊಂದು ಇರುತ್ತದೆ. ಹೊಳೆಯುವ ಎಲೆಯ ಲೋಹಕ್ಕೆ ಕಾಂತಕ್ಷೇತ್ರ ತಗುಲಿದಾಗ ಅತ್ಯಲ್ಪವಾಗಿ ಹಿಗ್ಗಿ ಕುಗ್ಗುವ ಗುಣವಿದೆ. ಅದರ ಉದ್ದವನ್ನು ಸುಮಾರು 38 ಮಿಲಿಮೀಟರ್‌ಗೆ ಕತ್ತರಿಸಿರುವುದರಿಂದ ಅದು ಸೆಕೆಂಡಿಗೆ 58,000 ಬಾರಿ, ಎಂದರೆ 58 ಕಿಲೋಹರ್ಟ್ಸ್‌ನಲ್ಲಿ, ಸಹಜವಾಗಿ ಮಿಡಿಯುತ್ತದೆ. ಗೇಟಿನ ಕಂಬವು ಇದೇ ಆವರ್ತನದಲ್ಲಿ ಸೆಕೆಂಡಿಗೆ ಹತ್ತಾರು ಬಾರಿ ಚಿಕ್ಕ ಚಿಕ್ಕ ಸ್ಪಂದಗಳನ್ನು ಕಳಿಸಿ, ಪ್ರತಿ ಸ್ಪಂದದ ನಂತರ ತಾನು ಮೌನವಾಗಿ ಕಿವಿಗೊಡುತ್ತದೆ. ದೇವಸ್ಥಾನದ ಗಂಟೆಯನ್ನು ಬಡಿದ ಕೈ ಹಿಂದಕ್ಕೆ ಬಂದ ಮೇಲೂ ನಾದ ಉಳಿದಿರುವಂತೆ, ಸ್ಪಂದ ನಿಂತ ಮೇಲೂ ಆ ಲೋಹದ ಎಲೆ ಕ್ಷಣಕಾಲ ಮಿಡಿಯುತ್ತಿರುತ್ತದೆ. ಆ ಉಳಿದ ಮಿಡಿತ ಒಂದರ ಹಿಂದೆ ಒಂದರಂತೆ ಕೆಲವು ಸ್ಪಂದಗಳ ನಂತರವೂ ಕೇಳಿಬಂದರೆ ಗೇಟು ಕೂಗುತ್ತದೆ.

ಟ್ಯಾಗನ್ನು ನಿಷ್ಕ್ರಿಯಗೊಳಿಸಲು ಬಿಲ್ ಕೌಂಟರಿನಲ್ಲಿ ಇಟ್ಟಿರುವ ಪ್ಯಾಡ್ ಅದನ್ನು ಒಡೆಯುವುದಿಲ್ಲ, ಸುಡುವುದೂ ಇಲ್ಲ. ಅದು ಮಾಡುವುದಿಷ್ಟೆ: ಪಕ್ಕದ ಪಟ್ಟಿಯಲ್ಲಿರುವ ಕಾಂತತ್ವವನ್ನು ಅಳಿಸಿಹಾಕುತ್ತದೆ. ಆ ಕಾಂತತ್ವದ ಆಸರೆ ತಪ್ಪಿದೊಡನೆ ಲೋಹದ ಎಲೆಯ ಆವರ್ತನ ಒಂದೆರಡು ಕಿಲೋಹರ್ಟ್ಸ್‌ನಷ್ಟು ಆಚೆಗೆ ಸರಿಯುತ್ತದೆ, ಮಿಡಿತವೂ ಕ್ಷೀಣಿಸುತ್ತದೆ. ಗೇಟಿಗೆ ಅದು ಮತ್ತೆ ಕೇಳಿಸುವುದಿಲ್ಲ.

ಎರಡನೆಯ ತಂತ್ರ ಆರ್‌ಎಫ್, ಎಂದರೆ ರೇಡಿಯೋ ಫ್ರೀಕ್ವೆನ್ಸಿ. ಇದರ ಟ್ಯಾಗ್ ಸಾಮಾನ್ಯವಾಗಿ ಮೂರು ನಾಲ್ಕು ಸೆಂಟಿಮೀಟರ್ ಅಗಲದ ಚೌಕಾಕಾರದ ಕಾಗದದ ಸ್ಟಿಕ್ಕರ್. ಬೆಳಕಿಗೆ ಹಿಡಿದು ನೋಡಿದರೆ ಒಳಗೆ ಅಲ್ಯೂಮಿನಿಯಂ ಹಾಳೆಯ ಚೌಕ ಸುರುಳಿ ಸ್ಪಷ್ಟವಾಗಿ ಕಾಣುತ್ತದೆ. ಸುರುಳಿಯೂ ಅದರೊಡನೆ ಇರುವ ಪುಟ್ಟ ಕೆಪಾಸಿಟರೂ ಸೇರಿ 8.2 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಅನುರಣಿಸುತ್ತವೆ. ಗೇಟು ಆ ಆವರ್ತನದ ಆಚೀಚೆ ತೂಗಾಡುತ್ತ, ಎಲ್ಲಿಯಾದರೂ ತನ್ನ ಶಕ್ತಿಯನ್ನು ಯಾರೋ ಹೀರಿಕೊಂಡ ಕುರುಹು ಸಿಗುತ್ತದೆಯೇ ಎಂದು ನೋಡುತ್ತದೆ. ಕೌಂಟರಿನ ಪ್ಯಾಡ್ ಈ ಟ್ಯಾಗಿನ ಮೇಲೆ ಬಲವಾದ ಕ್ಷೇತ್ರವನ್ನು ಹಾಯಿಸಿದಾಗ ಕೆಪಾಸಿಟರಿನ ಎರಡು ಲೋಹದ ಪದರಗಳ ನಡುವಿನ ತೆಳು ಪೊರೆ, ಮೊದಲೇ ಬೇಕೆಂದು ದುರ್ಬಲವಾಗಿ ಬಿಟ್ಟಿರುವ ಒಂದು ಚುಕ್ಕೆಯಲ್ಲಿ ತೂತಾಗಿ ಪದರಗಳು ಒಂದಕ್ಕೊಂದು ತಾಗುತ್ತವೆ. ಅಲ್ಲಿಗೆ ಟ್ಯಾಗ್ ಸತ್ತಿತು.

ಈಗ ನಿಮ್ಮ ಶೂವಿಗೆ ಬರೋಣ. ಮೊದಲೆಲ್ಲ ಟ್ಯಾಗ್ ಅಂಟಿಸುವ ಕೆಲಸ ಅಂಗಡಿಯ ನೌಕರರದಾಗಿತ್ತು. ಈಗ ಎಷ್ಟೋ ಸರಕುಗಳಿಗೆ ಕಾರ್ಖಾನೆಯಲ್ಲಿಯೇ ಟ್ಯಾಗ್ ಸೇರಿಸಿ ಕಳಿಸುತ್ತಾರೆ. ಶೂವಿನ ಒಳಹಾಸಿನ ಕೆಳಗೆ, ಕೈಚೀಲದ ಅಸ್ತರಿನೊಳಗೆ, ಪರ್ಸಿನ ಕಾರ್ಡ್ ಇಡುವ ಜೇಬಿನ ಹಿಂದೆ, ಜಾಕೆಟ್ಟಿನ ಪಕ್ಕದ ಹೊಲಿಗೆಯಲ್ಲಿ, ಬ್ಲೇಡಿನ ಪ್ಯಾಕೆಟ್ಟಿನ ರಟ್ಟಿನ ನಡುವೆ ಅದು ಕೂತಿರುತ್ತದೆ. ಕಳ್ಳನ ಕೈಗೆ ಸಿಗಬಾರದೆಂದು ಹೀಗೆ ಅಡಗಿಸುತ್ತಾರೆ, ಆದರೆ ಅದು ಕ್ಯಾಷಿಯರಿನ ಕಣ್ಣಿಗೂ ಬೀಳುವುದಿಲ್ಲ. ತಯಾರಕರು ಒಂದೇ ಮಾದರಿಯ ಸರಕನ್ನು ನೂರಾರು ಅಂಗಡಿಗಳಿಗೆ ಕಳಿಸುತ್ತಾರೆ. ಅವುಗಳಲ್ಲಿ ಕೆಲವು ಎಎಂ ಗೇಟಿನವು, ಕೆಲವು ಆರ್‌ಎಫ್ ಗೇಟಿನವು, ಇನ್ನು ಕೆಲವಕ್ಕೆ ಗೇಟೇ ಇರುವುದಿಲ್ಲ. ಎಎಂ ಟ್ಯಾಗ್ ಇರುವ ಶೂವನ್ನು ಆರ್‌ಎಫ್ ಗೇಟಿನ ಅಂಗಡಿ ಮಾರಿದರೆ ಅಲ್ಲಿನ ಪ್ಯಾಡ್ ಅದನ್ನು ಕೊಲ್ಲಲಾರದು, ಅಲ್ಲಿನ ಗೇಟು ಅದನ್ನು ಕೇಳಲಾರದು. ಗ್ರಾಹಕ ನಿಶ್ಚಿಂತೆಯಿಂದ ಹೊರಗೆ ಬರುತ್ತಾನೆ, ಟ್ಯಾಗ್ ಪೂರ್ಣ ಆರೋಗ್ಯದಿಂದ ಅವನ ಕಾಲಡಿಯಲ್ಲಿಯೇ ಇರುತ್ತದೆ. ಮುಂದೆ ಎಎಂ ಗೇಟಿರುವ ಯಾವ ಅಂಗಡಿಗೆ ಹೋದರೂ ಅದು ಮಿಡಿಯುತ್ತದೆ. ಕೊಂಡಲ್ಲಿ ಮೌನ, ಬೇರೆಡೆ ಕೂಗು ಎಂಬ ನಿಮ್ಮ ವಿವರಣೆಗೆ ಇದಕ್ಕಿಂತ ಚೆನ್ನಾಗಿ ಹೊಂದುವ ಕಾರಣ ನನಗೆ ಕಾಣದು. ಮಾರಿದ ಅಂಗಡಿಯ ಅರಿವಿಗೇ ಬಾರದ ಈ ತೊಂದರೆಯನ್ನು ಬೇರೊಂದು ಅಂಗಡಿಯ ಸೆಕ್ಯುರಿಟಿಯವರು ನಿಮ್ಮ ತಲೆಗೆ ಕಟ್ಟಿದರು, ಅಷ್ಟೆ.

ಗೇಟೂ ಪ್ಯಾಡೂ ಒಂದೇ ತಂತ್ರದವಾಗಿದ್ದಾಗಲೂ ಕೌಂಟರಿನಲ್ಲಿ ಎಡವಟ್ಟುಗಳು ಆಗುತ್ತಲೇ ಇರುತ್ತವೆ, ನಿತ್ಯದ ಅಲಾರಂಗಳಲ್ಲಿ ದೊಡ್ಡ ಪಾಲು ಇವುಗಳದು ಎಂಬುದು ನನ್ನ ಅಭಿಪ್ರಾಯ. ಪ್ಯಾಡಿನ ಪ್ರಭಾವ ಅದರ ಮೇಲ್ಮೈಯಿಂದ ಕೆಲವೇ ಸೆಂಟಿಮೀಟರ್‌ಗಳವರೆಗೆ ಮಾತ್ರ. ಶನಿವಾರದ ಸಂಜೆ ಸಾಲು ಬೆಳೆದಿರುವಾಗ ಕ್ಯಾಷಿಯರ್ ಬಾರ್‌ಕೋಡನ್ನು ಕೈಯಲ್ಲಿ ಹಿಡಿದ ಸ್ಕ್ಯಾನರಿನಿಂದ ಓದಿಸಿ ಸರಕನ್ನು ನೇರವಾಗಿ ಚೀಲಕ್ಕೆ ಹಾಕಿದರೆ ಬಿಲ್ ಸರಿಯಾಗಿಯೇ ಬರುತ್ತದೆ, ಟ್ಯಾಗ್ ಮಾತ್ರ ಬದುಕಿಕೊಳ್ಳುತ್ತದೆ. ಮೂರು ಅಂಗಿಗಳನ್ನು ಒಂದರ ಮೇಲೊಂದು ಪೇರಿಸಿ ಪ್ಯಾಡಿನ ಮೇಲೆ ಎಳೆದಾಗ ಮೇಲಿನದಕ್ಕೆ ಪ್ರಭಾವ ಮುಟ್ಟದಿರಬಹುದು. ಬಟ್ಟೆಗಳಲ್ಲಿ ಇನ್ನೊಂದು ಬಗೆಯ ಮರೆವು ಸಾಮಾನ್ಯ. ಹೊರಗೆ ಕಾಣುವ ಗಟ್ಟಿ ಪ್ಲಾಸ್ಟಿಕ್ ಟ್ಯಾಗನ್ನು ಆಯಸ್ಕಾಂತದ ಸಾಧನದಿಂದ ಬಿಚ್ಚಿ ತೆಗೆದವರಿಗೆ ಕೆಲಸ ಮುಗಿದಂತೆ ಅನಿಸುತ್ತದೆ, ಒಳಹೊಲಿಗೆಯ ಮೆದು ಟ್ಯಾಗ್ ನೆನಪಿಗೆ ಬರುವುದಿಲ್ಲ.

ಸತ್ತ ಟ್ಯಾಗ್ ಮತ್ತೆ ಏಳುವುದೂ ಉಂಟು. ಆರ್‌ಎಫ್ ಸ್ಟಿಕ್ಕರಿನಲ್ಲಿ ಪದರಗಳನ್ನು ಬೆಸೆದಿರುವ ಆ ಚುಕ್ಕೆ ಎಷ್ಟು ಸೂಕ್ಷ್ಮವೆಂದರೆ, ಪೊಟ್ಟಣ ಬಾಗಿದಾಗ ಅಥವಾ ಮಡಿಕೆಯಾದಾಗ ಬೆಸುಗೆ ಬಿಟ್ಟುಹೋಗಿ ಟ್ಯಾಗ್ ಮೊದಲಿನಂತಾಗಬಹುದು. ಎಎಂ ಟ್ಯಾಗಿನದು ಇದಕ್ಕಿಂತ ಸರಳ: ಅಳಿಸಿದ ಕಾಂತತ್ವವನ್ನು ಬಲವಾದ ಆಯಸ್ಕಾಂತವೊಂದು ಮರಳಿ ತುಂಬಬಲ್ಲದು. ತಿಂಗಳುಗಳ ಕಾಲ ತಕರಾರಿಲ್ಲದೆ ಬಳಸಿದ ಪರ್ಸು ಒಂದು ದಿನ ಇದ್ದಕ್ಕಿದ್ದಂತೆ ಗೇಟನ್ನು ಕೂಗಿಸತೊಡಗಿದರೆ, ಅದರ ಸಂಗಡ ಆಯಸ್ಕಾಂತದ ಗುಂಡಿಯೋ ಫೋನಿನ ಕವರೋ ಇದೆಯೇ ಎಂದು ನೋಡುವುದು ಒಳ್ಳೆಯದು.

ಟ್ಯಾಗೇ ಇಲ್ಲದೆ ಕೂಗುವ ಪ್ರಸಂಗಗಳನ್ನು ಮಾತ್ರ ನಿಜವಾದ ಅರ್ಥದಲ್ಲಿ ಯಂತ್ರದ ತಪ್ಪು ಎನ್ನಬೇಕು. ಇವುಗಳ ಮೂಲ ದೂರದ ಲೆಕ್ಕದಲ್ಲಿದೆ. ಇಂತಹ ಕಂಬದ ಕಾಂತಕ್ಷೇತ್ರ ಸರಿಸುಮಾರು ದೂರದ ಘನಕ್ಕೆ ತಕ್ಕಂತೆ ಇಳಿಯುತ್ತದೆ, ಎಂದರೆ ದೂರ ಎರಡು ಪಟ್ಟಾದರೆ ಬಲ ಎಂಟನೇ ಒಂದಕ್ಕೆ ಕುಸಿಯುತ್ತದೆ. ಮಾಲ್‌ನ ಅಂಗಡಿಗೆ ಬಾಗಿಲು ವಿಶಾಲವಾಗಿ, ತೆರೆದುಕೊಂಡಂತೆ ಕಾಣಬೇಕೆಂದು ಮಾಲೀಕರು ಬಯಸುತ್ತಾರೆ. ಕಂಬಗಳನ್ನು ದೂರ ದೂರ ನಿಲ್ಲಿಸಿ ನಡುವಿನ ಮಂಕು ಜಾಗವನ್ನೂ ಹಿಡಿಯಬೇಕಾದರೆ ಗೇಟಿನ ರಿಸೀವರಿನ ಸೂಕ್ಷ್ಮತೆಯನ್ನು ಏರಿಸದೆ ದಾರಿಯಿಲ್ಲ. ಸೂಕ್ಷ್ಮತೆ ಏರಿದಷ್ಟೂ ಅದು ಸುತ್ತಲಿನ ಗದ್ದಲವನ್ನು ಟ್ಯಾಗಿನ ಸದ್ದೆಂದು ಭ್ರಮಿಸುವುದು ಹೆಚ್ಚುತ್ತದೆ. ಎಲ್‌ಇಡಿ ದೀಪ, ಪರದೆ, ಚಾರ್ಜರ್ ಇವುಗಳ ಪವರ್ ಸಪ್ಲೈಗಳು ಕೆಲಸ ಮಾಡುವುದು ಹತ್ತಾರು ಕಿಲೋಹರ್ಟ್ಸ್‌ನಲ್ಲಿಯೇ. ಎಎಂ ಗೇಟಿನ 58 ಕಿಲೋಹರ್ಟ್ಸ್‌ಗೆ ಅವು ನೆರೆಹೊರೆಯವರು. ದಸರಾ, ದೀಪಾವಳಿಯ ಸಮಯದಲ್ಲಿ ಬಾಗಿಲಿಗೆ ಅಗ್ಗದ ಎಲ್‌ಇಡಿ ಸರಗಳನ್ನು ತೂಗಿಬಿಟ್ಟ ಮೇಲೆ ಗೇಟು ಕಾರಣವಿಲ್ಲದೆ ಕೂಗತೊಡಗಿದರೆ ಮೊದಲು ಶಂಕಿಸಬೇಕಾದದ್ದು ಆ ಸರಗಳನ್ನೇ. ಪಕ್ಕಪಕ್ಕದ ಎರಡು ಅಂಗಡಿಗಳ ಎಎಂ ಗೇಟುಗಳ ಸ್ಪಂದಗಳು ಒಂದಕ್ಕೊಂದು ತಾಳೆಯಾಗದಿದ್ದರೂ ಗೊಂದಲವೇ: ಒಂದರ ಮೌನದ ಗಳಿಗೆಯಲ್ಲಿ ಇನ್ನೊಂದು ಮಾತನಾಡುತ್ತದೆ. ಆರ್‌ಎಫ್ ಗೇಟಿಗೆ ಕಾಟ ಕೊಡುವುದು ಸುತ್ತಿಟ್ಟ ತಂತಿ. ವೈರಿನ ಸುರುಳಿ, ಎಕ್ಸ್‌ಟೆನ್ಷನ್ ಬೋರ್ಡಿನ ಕೇಬಲ್, ಕೆಲವೊಮ್ಮೆ ಬಾಗಿಲಿನ ಅಥವಾ ಟ್ರಾಲಿಯ ಲೋಹದ ಚೌಕಟ್ಟು ಕೂಡ ಆಕಸ್ಮಿಕವಾಗಿ 8 ಮೆಗಾಹರ್ಟ್ಸ್‌ನ ಸಮೀಪ ಅನುರಣಿಸಿಬಿಡಬಹುದು. ಹಾಗೆಯೇ ಟ್ಯಾಗ್ ಇರುವ ಬಟ್ಟೆಗಳ ಸ್ಟ್ಯಾಂಡನ್ನು 'ಆಫರ್' ಫಲಕದೊಡನೆ ಗೇಟಿಗೆ ತೀರ ಒತ್ತಿ ನಿಲ್ಲಿಸಿದ್ದರೆ, ಫ್ಯಾನಿನ ಗಾಳಿಗೆ ತೋಳೊಂದು ಅಲುಗಿದರೂ ಹಾದುಹೋಗುತ್ತಿರುವವರ ಮೇಲೆ ಅಪವಾದ ಬರುತ್ತದೆ. ಜೇಬಿನಲ್ಲಿರುವ ಬೀಗದ ಕೈ, ಚಿಲ್ಲರೆ, ಮೊಬೈಲುಗಳನ್ನು ಜನ ದೂರುವುದುಂಟು. ಅವು ಸಾಮಾನ್ಯವಾಗಿ ನಿರಪರಾಧಿಗಳು, ಏಕೆಂದರೆ ಇದು ವಿಮಾನ ನಿಲ್ದಾಣದ ಲೋಹಶೋಧಕವಲ್ಲ.

ಕೆಲವು ಕ್ರೀಡಾ ಸಾಮಗ್ರಿ ಮತ್ತು ಉಡುಪಿನ ಮಳಿಗೆಗಳು ಆರ್‌ಎಫ್‌ಐಡಿ ಎಂಬ ಬೇರೆಯ ದಾರಿ ಹಿಡಿದಿವೆ. ಅಲ್ಲಿ ಪ್ರತಿ ಸರಕಿಗೂ ತನ್ನದೇ ಸಂಖ್ಯೆ ಇರುವುದರಿಂದ ಆ ನಿರ್ದಿಷ್ಟ ವಸ್ತುವಿಗೆ ಬಿಲ್ ಆಗಿದೆಯೇ ಎಂದು ಗೇಟು ಕಡತ ನೋಡಿ ಹೇಳಬಲ್ಲದು. ಇದು ಖಂಡಿತ ಮೇಲು. ಆದರೂ ಇದರ ಅಲೆಗಳು ಹಲವು ಮೀಟರ್ ದೂರ ಹೋಗುವುದರಿಂದ ಗೇಟಿನ ಪಕ್ಕದ ಕಪಾಟಿನ ಸರಕನ್ನು ನಿಮ್ಮ ಕೈಯಲ್ಲಿರುವುದೆಂದು ಎಣಿಸುವ ಅಪಾಯ ಇದ್ದೇ ಇದೆ.

ಹಾಗಾದರೆ ಗೇಟು ಕೂಗಿದಾಗ ಎದುರಿಗಿರುವವರು ಕಳ್ಳರಾಗಿರುವ ಸಂಭವ ಎಷ್ಟು? ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಒಂದು ಅಂಗಡಿಗೆ ದಿನಕ್ಕೆ 1,000 ಮಂದಿ ಬರುತ್ತಾರೆ, ಅವರಲ್ಲಿ ನೂರಕ್ಕೆ ಒಬ್ಬರ ಬಳಿ ಕೌಂಟರಿನ ಮರೆವಿನಿಂದಲೋ ಹಳೆಯ ಸರಕಿನಿಂದಲೋ ಜೀವಂತ ಟ್ಯಾಗ್ ಉಳಿದಿರುತ್ತದೆ ಎಂದಿಟ್ಟುಕೊಳ್ಳಿ. ಅಲ್ಲಿಗೆ 10 ಕೂಗು. ಅದೇ ದಿನ ಇಬ್ಬರು ಕಳ್ಳರು ಬಂದರು, ಒಬ್ಬ ಟ್ಯಾಗನ್ನು ಕಿತ್ತೆಸೆದೋ ಫಾಯಿಲ್ ಹಾಳೆಯ ಅಸ್ತರಿರುವ ಚೀಲ ತಂದೋ ಗೇಟಿನ ಕಣ್ಣು ತಪ್ಪಿಸಿದ, ಇನ್ನೊಬ್ಬ ಸಿಕ್ಕಿಬಿದ್ದ. ಒಟ್ಟು 11 ಕೂಗುಗಳಲ್ಲಿ ಕಳವಿನದು ಒಂದು. ಅಂಕಿಗಳನ್ನು ನಿಮಗೆ ತೋಚಿದಂತೆ ಬದಲಿಸಿ ನೋಡಿ. ಪ್ರಾಮಾಣಿಕರ ಸಂಖ್ಯೆ ಕಳ್ಳರಿಗಿಂತ ಬಹುಪಾಲು ಹೆಚ್ಚಿರುವವರೆಗೆ, ನಿಷ್ಕ್ರಿಯಗೊಳಿಸುವ ಕೆಲಸದಲ್ಲಿ ಅಲ್ಪ ಸಡಿಲಿದ್ದರೂ ಹೆಚ್ಚಿನ ಕೂಗು ಪ್ರಾಮಾಣಿಕರ ಮೇಲೆಯೇ ಬೀಳುತ್ತದೆ. ಪಳಗಿದ ಕಳ್ಳ ತಪ್ಪಿಸಿಕೊಳ್ಳುತ್ತಾನೆ ಎಂಬುದು ಈ ಅನುಪಾತವನ್ನು ಇನ್ನೂ ಕೆಡಿಸುತ್ತದೆ. ಆದ್ದರಿಂದ ಅಲಾರಂ ಬಡಿದುಕೊಂಡಾಗ ಸೆಕ್ಯುರಿಟಿಯವರು ಕೇಳಬೇಕಾದ ಮೊದಲ ಮಾತು 'ಕ್ಷಮಿಸಿ, ಕೌಂಟರಿನಲ್ಲಿ ಟ್ಯಾಗ್ ತೆಗೆಯುವುದು ಮರೆತಿರಬಹುದು, ಬಿಲ್ ತೋರಿಸುತ್ತೀರಾ' ಎಂಬುದು. ಬ್ಯಾಗ್ ಬರಿದು ಮಾಡಿಸುವುದಂತೂ ಅಸಭ್ಯ, ಅದರ ಮೇಲೆ ದಡ್ಡತನ: ಬ್ಯಾಗನ್ನು ಒಮ್ಮೆ, ನಿಮ್ಮನ್ನು ಒಮ್ಮೆ ಬೇರೆ ಬೇರೆಯಾಗಿ ಗೇಟಿನ ನಡುವೆ ಹಾಯಿಸಿದ್ದರೆ ಟ್ಯಾಗ್ ಇರುವುದು ಬ್ಯಾಗಿನಲ್ಲಲ್ಲ, ಕಾಲಿನಲ್ಲಿ ಎಂಬುದು ಅರೆನಿಮಿಷದಲ್ಲಿ ತಿಳಿಯುತ್ತಿತ್ತು.

ಅಧಿಕಾರದ ಪ್ರಶ್ನೆಗೆ ನಾನು ವಕೀಲನಂತೆ ಉತ್ತರಿಸಲಾರೆನಾದರೂ ಕಾನೂನಿನ ಅಕ್ಷರಗಳಲ್ಲಿ ಇರುವುದನ್ನು ಹೇಳಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮಿನ ಪ್ರಕಾರ ಖಾಸಗಿ ವ್ಯಕ್ತಿಯೊಬ್ಬರು ಇನ್ನೊಬ್ಬರನ್ನು ಹಿಡಿಯಬಹುದಾದದ್ದು, ಘೋಷಿತ ಅಪರಾಧಿಗಳನ್ನು ಬಿಟ್ಟರೆ, ತಮ್ಮ ಎದುರಿಗೇ ಸಂಜ್ಞೇಯವೂ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದದ್ದು) ಜಾಮೀನುರಹಿತವೂ ಆದ ಅಪರಾಧ ನಡೆದಾಗ ಮಾತ್ರ. ಹಿಡಿದವರನ್ನು ಅನಗತ್ಯ ವಿಳಂಬವಿಲ್ಲದೆ, ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. 5,000 ರೂಪಾಯಿಗಿಂತ ಕಡಿಮೆ ಮೌಲ್ಯದ ಕಳವನ್ನು, ಸರಕು ಅಥವಾ ಅದರ ಬೆಲೆ ಮರಳಿ ಬಂದ ಪಕ್ಷದಲ್ಲಿ, ಅದೇ ಸಂಹಿತೆಯ ಅನುಸೂಚಿ ಅಸಂಜ್ಞೇಯ, ಜಾಮೀನು ಸಿಗುವ ಅಪರಾಧವೆಂದು ವರ್ಗೀಕರಿಸಿದೆ. ಗೇಟಿನ ಕೂಗು ಯಾರ ಎದುರಿಗೂ ಅಪರಾಧ ನಡೆದದ್ದಕ್ಕೆ ಸಾಕ್ಷಿಯಲ್ಲ. ನಿಮ್ಮ ಒಪ್ಪಿಗೆಯಿಲ್ಲದೆ ಬ್ಯಾಗನ್ನು ಶೋಧಿಸುವ ಪೊಲೀಸ್ ಅಧಿಕಾರ ಅಂಗಡಿಯ ಸಿಬ್ಬಂದಿಗೆ ಇಲ್ಲ. ಬಲವಂತವಾಗಿ ತಡೆದು ನಿಲ್ಲಿಸಿದರೆ ಭಾರತೀಯ ನ್ಯಾಯ ಸಂಹಿತೆಯ 126 ಮತ್ತು 127ನೇ ಕಲಮುಗಳಲ್ಲಿರುವ ಅಕ್ರಮ ತಡೆ, ಅಕ್ರಮ ಬಂಧನದ ಪ್ರಶ್ನೆ ಅವರ ಮೇಲೆಯೇ ಏಳುತ್ತದೆ. ಹೊರದೇಶದಲ್ಲಿರುವ ಬಂಧುಗಳಿಗೆ ಇದನ್ನೇ ಹೇಳಿ ಕಳಿಸಬೇಡಿ. ಅಮೆರಿಕದ ಫ್ಲಾರಿಡಾ, ಜಾರ್ಜಿಯಾದಂತಹ ರಾಜ್ಯಗಳ ಕಾನೂನುಗಳು, ಅಂಗಡಿಯಲ್ಲಿ ಎಚ್ಚರಿಕೆಯ ಫಲಕವಿದ್ದರೆ, ಗೇಟು ಕೂಗಿದ್ದನ್ನೇ ಅಲ್ಪಕಾಲ ತಡೆದು ವಿಚಾರಿಸಲು ಸಕಾರಣವೆಂದು ಒಪ್ಪುತ್ತವೆ.

ಇನ್ನು ಶೂವಿನ ವಿಚಾರ. ಒಳಹಾಸನ್ನು ಮೆಲ್ಲನೆ ಎತ್ತಿ ಹಿಮ್ಮಡಿಯ ಮತ್ತು ನಡುಪಾದದ ಭಾಗದಲ್ಲಿ ಬೆರಳಾಡಿಸಿ ನೋಡಿ, ನಾಲಗೆಯ ಹೊಲಿಗೆಯನ್ನೂ ಹಿಚುಕಿ ನೋಡಿ. ಉಬ್ಬಿದ ಪ್ಲಾಸ್ಟಿಕ್ ಪಟ್ಟಿ ಸಿಕ್ಕರೆ ಕಿತ್ತು ಎಸೆಯಬಹುದು, ಶೂವಿಗೆ ಏನೂ ಆಗದು. ಕೈಗೆ ಸಿಗದಿದ್ದರೆ, ನಿಮಗೆ ಗೇಟು ಕೂಗಿದ ಅಂಗಡಿಗಳಲ್ಲೊಂದಕ್ಕೆ ಹೋಗಿ ಕೌಂಟರಿನ ಪ್ಯಾಡಿನ ಮೇಲೆ ಎರಡೂ ಶೂಗಳನ್ನು ಬೇರೆ ಬೇರೆಯಾಗಿ, ಅಡಿಯೂ ಮಗ್ಗುಲೂ ತಾಗುವಂತೆ ನಿಧಾನವಾಗಿ ಆಡಿಸಿಕೊಡಲು ಕೇಳಿ. ಕೊಂಡ ಅಂಗಡಿಗೆ ಹೋಗುವುದು ವ್ಯರ್ಥ, ಅಲ್ಲಿನ ಪ್ಯಾಡಿಗೆ ಅದು ನಾಟುವುದಾಗಿದ್ದರೆ ಅಲ್ಲಿನ ಗೇಟಿಗೂ ಕೇಳಿಸುತ್ತಿತ್ತು. ಆಗುವವರೆಗೆ ಒಂದು ಉಪಾಯ: ಗೇಟು ಕೂಗುವುದು ಒಳಗೆ ಬರುವಾಗಲೇ. ಆಗ ಯಾರೂ ತಲೆ ಎತ್ತಿ ನೋಡುವುದಿಲ್ಲ, ಆದರೆ ಅದೇ ಟ್ಯಾಗ್ ಹೊರಗೆ ಹೋಗುವಾಗ ಕೂಗಿದರೆ ಅನುಮಾನ ಹುಟ್ಟುತ್ತದೆ. ಒಳಗೆ ಕಾಲಿಟ್ಟಾಗ ಕೂಗಿದ ಕ್ಷಣವೇ ನಿಂತು, ಸೆಕ್ಯುರಿಟಿಯವರನ್ನು ಕರೆದು, 'ಈಗಲೇ ಕೂಗಿತು, ನನ್ನ ಶೂವಿನಲ್ಲಿ ಹಳೆಯ ಟ್ಯಾಗ್ ಇದೆ' ಎಂದು ಹೇಳಿಬಿಡಿ.

ನಿಮ್ಮ ತಂದೆಯವರ ಪೇಸ್‌ಮೇಕರ್ ಕುರಿತು ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಕ ಸಂಸ್ಥೆ ಎಫ್‌ಡಿಎ ನೀಡುತ್ತ ಬಂದಿರುವ ಸಲಹೆ ಸರಳವಾಗಿದೆ: ಗೇಟುಗಳ ನಡುವೆ ಸಹಜ ನಡಿಗೆಯಲ್ಲಿ ಹಾದುಹೋಗಬಹುದು, ಅಲ್ಲಿ ತಂಗಬಾರದು, ಕಂಬಕ್ಕೆ ಒರಗಬಾರದು. ಗೇಟಿನ ಕ್ಷೇತ್ರದಲ್ಲಿ ಹೆಚ್ಚು ಹೊತ್ತು ನಿಂತರೆ ಸಾಧನವು ಅದನ್ನು ಹೃದಯದ ಸಂಜ್ಞೆಯೆಂದು ತಪ್ಪಾಗಿ ಓದುವ ಸಂಭವವಿದೆ. ಹಾಗಾಗಿ ಅವರೊಡನೆ ಹೋದಾಗ ನೋಡಿಕೊಳ್ಳಬೇಕಾದ ಗಳಿಗೆಯೆಂದರೆ ಅಲಾರಂ ಬಡಿದುಕೊಂಡ ನಂತರದ್ದು. ಹೆದರಿಕೆಯಿಂದಲೋ ಸಂಕೋಚದಿಂದಲೋ ಜನ ನಿಂತಲ್ಲಿಯೇ ನಿಂತುಬಿಡುತ್ತಾರೆ, ಸೆಕ್ಯುರಿಟಿಯವರೂ ಅಲ್ಲಿಯೇ ನಿಲ್ಲಿಸಿ ಬಿಲ್ ಕೇಳುತ್ತಾರೆ. ಅವರು ಕಂಬಗಳಿಂದ ಒಂದೆರಡು ಮಾರು ಈಚೆಗೆ ಬಂದು ನಿಲ್ಲಲಿ, ಮಾತುಕತೆ ಅಲ್ಲಿ ನಡೆಯಲಿ. ಆಸ್ಪತ್ರೆಯವರು ಕೊಟ್ಟಿರುವ ಪೇಸ್‌ಮೇಕರ್ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡಿದ್ದರೆ ತೋರಿಸಲು ಅನುಕೂಲ. ತಲೆ ಸುತ್ತಿದಂತೆಯೋ ಎದೆ ಹಾರಿದಂತೆಯೋ ಆದರೆ ಕೂಡಲೇ ಗೇಟಿನಿಂದ ದೂರ ಸರಿಸಿ, ಮತ್ತು ಅದನ್ನು ಅವರ ಹೃದಯತಜ್ಞರಿಗೆ ತಿಳಿಸಿ.